ದ್ರಾಕ್ಷಿಗೆ ಹೊಡಿಯೋ ಮೆಥನಾಲ್, ಮನಿ ವೈನಿನಾಗಿನ ಮೆಥನಾಲ್: ಎರಡೂ ಒಂದೇನಾ?

ತಿಕೋಟಾ_ಮಲ್ಲು · ಹಡಪಸರ, ಪುಣೆ · ಶನಿವಾರ ರಾತ್ರಿ 10:40

ಎಲ್ಲಾರಿಗೂ ನಮಸ್ಕಾರ್ರಿ. ಎರಡು ಪ್ರಶ್ನೆ ಅದಾವ. ಎರಡರಾಗೂ ಒಂದೇ ಹೆಸರು ಬಂದದ, ಅದಕ್ಕ ತಲಿ ಕೆಟ್ಟದ.

ಮೊದಲನೇದು. ಊರಾಗ ನಮ್ಮಣ್ಣ ಎರಡೂವರೆ ಎಕರೆ ದ್ರಾಕ್ಷಿ ಮಾಡ್ಯಾನ. ಏಪ್ರಿಲ್ ಚಾಟ್ನಿ (ಬಳ್ಳಿ ಕತ್ತರಸೋದು) ಮುಗದು ಈಗ ಎಳಿ ಎಲಿ ಬಂದಾವ. ಬಿಸಲು ಕೇಳಬ್ಯಾಡ್ರಿ, ಬೋರಿನ ನೀರೂ ಕಡಿಮಿ ಆಗ್ಯದ. ಔಷಧ ಅಂಗಡ್ಯಾಂವ ಐದು ಲೀಟರಿನ ಕ್ಯಾನ್ ಕೊಟ್ಟು, "ಇದನ್ನ ನೀರಾಗ ಕಲಿಸಿ ಹೊಡೀರಿ, ಎಲಿ ಬಾಡಂಗಿಲ್ಲ, ಕಡ್ಡಿ ದಪ್ಪ ಆಗ್ತಾವ" ಅಂದಾನಂತ. ಕ್ಯಾನಿಗೆ ಲೇಬಲ್ ಇಲ್ಲ. ಏನಿದು ಅಂತ ಒತ್ತಿ ಕೇಳಿದ ಮ್ಯಾಲೆ "ಮೆಥನಾಲ್" ಅಂದಾನ.

ಎರಡನೇದು. ಮಾರ್ಚಿನಾಗ ನಮ್ಮ ತ್ವಾಟದ್ದೇ ಶರದ್ ಕರಿದ್ರಾಕ್ಷಿ ಹತ್ತು ಕಿಲೊ ತಂದು ಇಲ್ಲೇ ಮನ್ಯಾಗ ವೈನ್ ಹಾಕಿದ್ದೆ. ಸಿಪ್ಪಿ ಸಮೇತ 21 ದಿನ ಭರಣ್ಯಾಗ ಇಟ್ಟು, ಸೋಸಿ, ಬಾಟಲಿಗೆ ತುಂಬೀನಿ. ಮೊನ್ನೆ ಮ್ಯಾಲಿನ ಮನಿಯವರು ಬಂದವರು "ಮನಿ ವೈನಿನಾಗ ಮೆಥನಾಲ್ ಇರ್ತದ, ಕಣ್ಣು ಹೋಗ್ತಾವ" ಅಂದುಬಿಟ್ರು. ಅವತ್ತಿನಿಂದ ನಮ್ಮ ಮನಿಯವರು ಬಾಟಲಿ ಮುಟ್ಟಗೊಡವಲ್ಲರು.

ಅಣ್ಣ ಬೆಳಿಗೆ ಹೊಡಿಯೋದೂ ಮೆಥನಾಲ್, ನನ್ನ ಬಾಟಲ್ಯಾಗ ಇರೋದೂ ಮೆಥನಾಲ್ ಅಂದ್ರ ಹ್ಯಾಂಗ? ತಿಳದವರು ಸ್ವಲ್ಪ ಬಿಡಿಸಿ ಹೇಳ್ರಿ.

ಚಿಂಚವಡ_ಕಾವ್ಯ · ಶನಿವಾರ ರಾತ್ರಿ 10:52

ಮೊದಲು ಆ ಕ್ಯಾನ್ ವಾಪಸ್ ಮಾಡಿಸಿ. ಲೇಬಲ್ ಇಲ್ಲದ ಡಬ್ಬಿಯಿಂದ ಏನನ್ನೂ ಹೊಡೆಯಬಾರದು.

ಮುಲುಂಡ್_ಮಾರಾಯ್ರೆ · ಶನಿವಾರ ರಾತ್ರಿ 11:05

ವೈನ್ ಬಗ್ಗೆ ಹೆದರಬೇಡಿ ಮಾರಾಯ್ರೆ. ನಮ್ಮ ಊರಲ್ಲಿ ಕ್ರಿಸ್‌ಮಸ್‌ಗೆ ಪಕ್ಕದ ಮನೆಯ ಬಾಯಿ ಪ್ರತಿ ವರ್ಷ ಭರಣಿಯಲ್ಲಿ ಮಾಡುತ್ತಿದ್ದರು. ದ್ರಾಕ್ಷಿ, ಸಕ್ಕರೆ, ಒಂದು ಮುಷ್ಟಿ ಗೋಧಿ, ಜಜ್ಜಿದ ಶುಂಠಿ, ಸ್ವಲ್ಪ ಯೀಸ್ಟ್. ನಮಗೆ ಮಕ್ಕಳಿಗೂ ಚಮಚದಲ್ಲಿ ಕೊಡುತ್ತಿದ್ದರು. ಒಬ್ಬರ ಕಣ್ಣೂ ಹೋದದ್ದು ಇಲ್ಲ. ಮನೆಯಲ್ಲಿ ಮಾಡಿದ ವೈನಿನಲ್ಲಿ ಮೆಥನಾಲ್ ಇರುವುದೇ ಇಲ್ಲ, ಅದು ಕಂಪನಿ ಮಾಲು.

ಪುಣೆ_ಶ್ರುತಿ · ಶನಿವಾರ ರಾತ್ರಿ 11:31

ಮಾರಾಯ್ರೇ, ಧೈರ್ಯ ಹೇಳಿದ್ದು ಸರಿ, ಕಾರಣ ಸರಿಯಿಲ್ಲ. ಇರುತ್ತೆ. ದ್ರಾಕ್ಷಿಯಿಂದ ಮಾಡಿದ ಎಲ್ಲ ವೈನಿನಲ್ಲೂ ಇರುತ್ತೆ, ಅಂಗಡಿಯ ದುಬಾರಿ ಬಾಟಲಿಯಲ್ಲೂ.

ನಾನು ಸಸ್ಯ ರಸಾಯನದಲ್ಲಿ ಪಿಎಚ್.ಡಿ. ಮಾಡ್ತಾ ಇದೀನಿ, ದ್ರಾಕ್ಷಿ ಸಿಪ್ಪೆಯೇ ನನ್ನ ವಿಷಯ. ಗಿಡದ ಒಂದೊಂದು ಜೀವಕೋಶಕ್ಕೂ ಗೋಡೆ ಇದೆಯಲ್ಲ, ಆ ಗೋಡೆಯ ಗಾರೆ ಥರ ಕೆಲಸ ಮಾಡೋದು ಪೆಕ್ಟಿನ್. ಜ್ಯಾಮ್ ಗಟ್ಟಿಯಾಗೋದು ಇದರಿಂದಲೇ. ಪೆಕ್ಟಿನ್ ಅಂದರೆ ಗ್ಯಾಲಕ್ಟ್ಯುರೋನಿಕ್ ಆಮ್ಲದ ಉದ್ದ ಸರಪಳಿ, ಅದರ ಕೊಂಡಿಗಳ ಮೇಲೆ ಅಲ್ಲಲ್ಲಿ ಮೀಥೈಲ್ ಗುಂಪುಗಳು ಅಂಟಿಕೊಂಡಿರ್ತವೆ. ಹಣ್ಣು ಮಾಗುವಾಗ, ಜಜ್ಜಿದಾಗ, ಪೆಕ್ಟಿನ್ ಮೀಥೈಲ್ ಎಸ್ಟರೇಸ್ ಅನ್ನೋ ಕಿಣ್ವ ಆ ಗುಂಪುಗಳನ್ನ ಒಂದೊಂದಾಗಿ ಕಿತ್ತು ಹಾಕುತ್ತೆ. ಕಿತ್ತುಬಂದದ್ದೇ ಮೆಥನಾಲ್.

ಅಂದರೆ ಯೀಸ್ಟ್ ಸಕ್ಕರೆ ತಿಂದು ಮಾಡೋದು ಎಥನಾಲ್, ಅಮಲು ಕೊಡೋ ಆಲ್ಕೋಹಾಲ್. ಮೆಥನಾಲ್ ಬರೋದು ಹಣ್ಣಿನ ಗೋಡೆಯಿಂದ. ಎರಡೂ ಒಂದೇ ಭರಣಿಯಲ್ಲಿ ನಡೆಯುವ ಎರಡು ಬೇರೆ ಬೇರೆ ಕೆಲಸ. ಯೀಸ್ಟನ್ನೇ ಹಾಕದೆ ಟೊಮೆಟೊ ರುಬ್ಬಿಟ್ಟರೂ ಮೆಥನಾಲ್ ಬರುತ್ತೆ. ಹಣ್ಣಿನ ರಸಗಳಲ್ಲಿ ಲೀಟರಿಗೆ ಸರಾಸರಿ 140 ಮಿಲಿಗ್ರಾಂ ಅಂತ ಲೆಕ್ಕ ಇದೆ.

ಮುಲುಂಡ್_ಮಾರಾಯ್ರೆ · ಶನಿವಾರ ರಾತ್ರಿ 11:40

ಹಾಗಾದರೆ ಮೋಸಂಬಿ ಜ್ಯೂಸಿನಲ್ಲೂ ಉಂಟಾ? ಇದು ಗೊತ್ತಿರಲಿಲ್ಲ, ಒಪ್ಪಿದೆ.

ನಾರಾಯಣಗಾಂವ್_ಗಿರೀಶ · ಭಾನುವಾರ ಬೆಳಗ್ಗೆ 6:50

ವೈನರಿ ಸೆಲ್ಲರಿನಲ್ಲಿ ಹನ್ನೊಂದು ವರ್ಷದಿಂದ ಇದ್ದೀನಿ, ಮೂಲ ಚಿಕ್ಕಬಳ್ಳಾಪುರ. ಶ್ರುತಿಯವರ ಮಾತಿಗೆ ಸೆಲ್ಲರಿನ ಲೆಕ್ಕ ಸೇರಿಸ್ತೀನಿ.

ಕೆಂಪು ವೈನಿನಲ್ಲಿ ಮೆಥನಾಲ್ ಜಾಸ್ತಿ, ಬಿಳಿಯಲ್ಲಿ ಕಡಿಮೆ. ಕಾರಣ ಸಿಪ್ಪೆ. ಶೆನಿನ್ ಬ್ಲಾಂಕ್, ಸೊವಿನ್ಯೋಂ ಬ್ಲಾಂಕ್ ಥರದ ಬಿಳಿ ದ್ರಾಕ್ಷಿ ಬಂದ ದಿನವೇ ಹಿಂಡಿ ರಸ ಬೇರೆ ಮಾಡ್ತೀವಿ. ಶಿರಾಜ್, ಕೆಬರ್ನೆ ಥರದ ಕಪ್ಪು ದ್ರಾಕ್ಷಿ ಸಿಪ್ಪೆಯ ಜೊತೆಗೇ ಹುದುಗಬೇಕು, ಇಲ್ಲದಿದ್ದರೆ ಬಣ್ಣ ಬರಲ್ಲ. ಪೆಕ್ಟಿನ್ ಹೆಚ್ಚಾಗಿರೋದು ಸಿಪ್ಪೆಯಲ್ಲಿ, ಜೊತೆಗಿದ್ದಷ್ಟು ದಿನವೂ ಅದು ಬಿಡ್ತಾನೇ ಇರುತ್ತೆ. ಅದಕ್ಕೇ ಅಂತರರಾಷ್ಟ್ರೀಯ ವೈನ್ ಸಂಸ್ಥೆ ಒಐವಿ ಇಟ್ಟಿರೋ ಮಿತಿಯೂ ಎರಡು ಥರ: ಕೆಂಪಿಗೆ ಲೀಟರಿಗೆ 400 ಮಿಲಿಗ್ರಾಂ, ಬಿಳಿ ಮತ್ತು ರೋಸೆಗೆ 250.

ಮಲ್ಲು ಅವರೇ, 21 ದಿನ ಸಿಪ್ಪೆ ಇಟ್ಟಿದ್ದು ಉದ್ದ ಆಯ್ತು. ವಿಷ ಆಗಿದೆ ಅಂತ ಹೇಳ್ತಿಲ್ಲ. ಆದರೆ ಮನೆಯಲ್ಲಿ ಐದಾರು ದಿನ ಸಾಕು, ಬಣ್ಣ ಅಷ್ಟರಲ್ಲಿ ಬಂದುಬಿಡುತ್ತೆ. ಆಮೇಲೆ ಹಿಂಡಿ ರಸ ಮಾತ್ರ ಹುದುಗಲಿ. ಕೊಳೆತ ಹಣ್ಣು, ಬೂಷ್ಟು ಹಿಡಿದ ಹಣ್ಣು ಒಂದೂ ಬೀಳಬಾರದು, ಬೂಷ್ಟು ತನ್ನದೇ ಕಿಣ್ವಗಳಿಂದ ಪೆಕ್ಟಿನ್ ಒಡೆಯುತ್ತೆ. ರಸ ಜಾಸ್ತಿ ಬರಲಿ ಅಂತ ಆನ್‌ಲೈನಿನಲ್ಲಿ ಸಿಗೋ ಪೆಕ್ಟಿನೇಸ್ ಪುಡಿ ಹಾಕೋರಿದ್ದಾರೆ. ಹಲವು ಪುಡಿಗಳಲ್ಲಿ ಆ ಮೀಥೈಲ್ ಕೀಳುವ ಕಿಣ್ವವೂ ಸೇರಿರುತ್ತೆ, ರಸದ ಜೊತೆ ಮೆಥನಾಲೂ ಏರುತ್ತೆ.

ಡೊಂಬಿವಲಿ_ಮೇಷ್ಟ್ರು · ಭಾನುವಾರ ಬೆಳಗ್ಗೆ 7:35

ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಭಯಕ್ಕೆ ಮದ್ದು ಲೆಕ್ಕವೇ, ಆದ್ದರಿಂದ ಲೆಕ್ಕ ಮಾಡೋಣ.

ಮೆಥನಾಲ್ 10 ಮಿಲಿಲೀಟರ್ ಹೊಟ್ಟೆಗೆ ಹೋದರೆ ಕಣ್ಣು ಹೋಗಬಹುದು ಎಂದು ವೈದ್ಯಕೀಯ ಪುಸ್ತಕಗಳು ಹೇಳುತ್ತವೆ. ಅದು ತೂಕದಲ್ಲಿ ಸುಮಾರು 8 ಗ್ರಾಂ. ಮಲ್ಲು ಅವರ ವೈನ್ ಗಿರೀಶರು ಹೇಳಿದ ಗರಿಷ್ಠ ಮಿತಿಯಲ್ಲೇ ಇದೆ ಅಂದುಕೊಳ್ಳಿ, ಲೀಟರಿಗೆ 400 ಮಿಲಿಗ್ರಾಂ. 750 ಮಿಲಿಯ ಒಂದು ಬಾಟಲಿಯಲ್ಲಿ 300 ಮಿಲಿಗ್ರಾಂ. 8 ಗ್ರಾಂ ಆಗಲು ಒಂದೇ ಕೂರಿಗೆ ಸುಮಾರು 27 ಬಾಟಲಿ ಕುಡಿಯಬೇಕು. ಅಷ್ಟರೊಳಗೆ ಎಥನಾಲೇ ಮನುಷ್ಯನನ್ನು ಮುಗಿಸಿರುತ್ತದೆ.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಮಹಾರಾಷ್ಟ್ರದಲ್ಲಿ 1949ರ ಪಾನನಿಷೇಧ ಕಾಯ್ದೆ ಇನ್ನೂ ಜಾರಿಯಲ್ಲಿದೆ. ಪರವಾನಗಿ ಇಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು ಕಾನೂನಿಗೆ ವಿರುದ್ಧ. ತಿಳಿದಿರಲಿ ಎಂದು ಹೇಳಿದೆ.

ವಾಸ್ಕೋ_ಬಸು · ಗೋವಾ · ಭಾನುವಾರ ಬೆಳಗ್ಗೆ 8:10

ಇಲ್ಲಿ ಗೋವಾದಾಗ ಫೆಣಿ ಭಟ್ಟಿ ನೋಡೀನ್ರಿ ನಾನು. ಬಾಗಲಕೋಟಿಯಿಂದ ಬಂದು ಹದಿನಾರು ವರ್ಷ ಆತು. ವಾಳಪೈ ಕಡೆ ಗೇರು ತ್ವಾಟದಾಗ ಎರಡು ಸೀಜನ್ ದುಡದೀನಿ. ಗಿಡದಿಂದ ತಾನಾಗಿ ಉದುರಿದ ಗೇರುಹಣ್ಣ ಅಷ್ಟ ಆರಸ್ತಾರ, ಕಿತ್ತ ಹಣ್ಣು ಬ್ಯಾಡ ಅಂತಾರ. ಬೀಜ ತಿರುವಿ ತಗದು, ಬಂಡಿಗಲ್ಲಿನ ಗುಂಡ್ಯಾಗ ಹಾಕಿ ಕಾಲಿಂದ ತುಳದು ರಸ ತಗೀತಾರ. ಆ ರಸ ಎರಡು ಮೂರು ದಿನ ಮಣ್ಣಿನ ಗಡಗ್ಯಾಗ ತಾನ ನೊರಿ ಕಟ್ಟತೈತಿ, ಯೀಸ್ಟ್ ಹಾಕಂಗಿಲ್ಲ. ಮೊದಲ ಸಲ ಕಾಸಿದ್ದು ಉರಾಕ್, ಮತ್ತೊಮ್ಮಿ ಕಾಸಿದ್ರ ಫೆಣಿ. ಆ ವಾಸನಿ ಅಂಗಿಗೆ ಹತ್ತಿದ್ರ ಮೂರು ಸಲ ಒಗದ್ರೂ ಹೋಗಂಗಿಲ್ಲ.

ಅಲ್ಲಿ ಅಜ್ಜನೊಬ್ಬಾಂವ ಹೇಳಿದ್ದ: ಮೊದಲು ಬರೋ ಒಂದು ಲೋಟ ಚೆಲ್ಲಬೇಕು, ವಿಷ ಎಲ್ಲಾ ಅದರಾಗ ಹೋಗತೈತಿ ಅಂತ. ಹಂಗಾರ ಮೆಥನಾಲ್ ತಗಿಯೋದು ಸರಳ ಐತಿ ಅಲ್ರಿ?

ಡೊಂಬಿವಲಿ_ಮೇಷ್ಟ್ರು · ಭಾನುವಾರ ಬೆಳಗ್ಗೆ 8:22

ಅಜ್ಜನ ಮಾತು ಸರಿಯಾಗಿದೆ. ಮೆಥನಾಲ್ 64.7 ಡಿಗ್ರಿಗೆ ಕುದಿಯುತ್ತದೆ, ಎಥನಾಲ್ 78.4ಕ್ಕೆ. ಮೊದಲು ಕುದಿಯುವುದು ಮೊದಲು ಹೊರಬರುತ್ತದೆ.

ಪುಣೆ_ಶ್ರುತಿ · ಭಾನುವಾರ ಬೆಳಗ್ಗೆ 9:15

ಮೇಷ್ಟ್ರೇ, ಇಲ್ಲಿ ಮಾತ್ರ ನಾನು ಒಪ್ಪಲ್ಲ. ಕುದಿಬಿಂದುವಿನ ಲೆಕ್ಕ ಶುದ್ಧ ದ್ರವಕ್ಕೆ. ಗಡಿಗೆಯಲ್ಲಿರೋದು ಬಹುಪಾಲು ನೀರು. ಮೆಥನಾಲ್ ನೀರಿನ ಜೊತೆ ಬಿಗಿಯಾಗಿ ಹೈಡ್ರೋಜನ್ ಬಂಧ ಕಟ್ಟಿಕೊಳ್ಳುತ್ತೆ, ಅದನ್ನ ಬಿಟ್ಟು ಮುಂದೆ ಓಡಿಬರಲ್ಲ. ಸಾದಾ ಗಡಿಗೆಯಲ್ಲಿ ಕಾಸಿದಾಗ ಮೊದಲ ಲೋಟದಲ್ಲೂ ಇರುತ್ತೆ, ನಡುವೆಯೂ ಇರುತ್ತೆ, ಕೊನೆಯಲ್ಲೂ ಬರುತ್ತೆ. ಮೊದಲ ಲೋಟದಲ್ಲಿ ಒಟ್ಟಾಗಿ ಬರೋದು ಅಸಿಟಾಲ್ಡಿಹೈಡ್, ಎಥಿಲ್ ಅಸಿಟೇಟ್. ಮೂಗಿಗೆ ಹೊಡೆಯೋ ಆ ಘಾಟು ಅವುಗಳದ್ದೇ. ಅದನ್ನ ಚೆಲ್ಲೋದು ಒಳ್ಳೆಯದು, ರುಚಿಗೂ ತಲೆನೋವಿಗೂ. ಆದರೆ ಒಂದು ಲೋಟ ಚೆಲ್ಲಿದೆ, ಮೆಥನಾಲ್ ಹೋಯ್ತು ಅಂತ ನಂಬಬಾರದು.

ಮೂಲ ರಸದಲ್ಲಿ ಪೆಕ್ಟಿನ್ ಕಡಿಮೆ ಇದ್ದರೆ ಮೆಥನಾಲೂ ಕಡಿಮೆ. ಅಲ್ಲೇ ಜಾಗ್ರತೆ ಬೇಕು, ತಿರುಳು ಸಿಪ್ಪೆ ಸಮೇತ ಕಾಸದೆ ತಿಳಿ ರಸವನ್ನಷ್ಟೇ ಕಾಸಬೇಕು.

ಡೊಂಬಿವಲಿ_ಮೇಷ್ಟ್ರು · ಭಾನುವಾರ ಬೆಳಗ್ಗೆ 9:48

ನೀನು ಹೇಳಿದ್ದು ಸರಿ ಮಗಳೇ. ಮಿಶ್ರಣದ ಆವಿಯ ಒತ್ತಡವನ್ನು ಮರೆತು ಬರೀ ಕೋಷ್ಟಕ ನೋಡಿ ಹೇಳಿಬಿಟ್ಟೆ. ಬಸು, ನನ್ನ ಹಿಂದಿನ ಉತ್ತರವನ್ನು ಬಿಟ್ಟುಬಿಡಿ, ಶ್ರುತಿಯದನ್ನು ಇಟ್ಟುಕೊಳ್ಳಿ.

ನೇರಮಾತು_ಥಾಣೆ · ಭಾನುವಾರ ಬೆಳಗ್ಗೆ 10:05

ಇಷ್ಟೆಲ್ಲ ಯಾಕೆ? ಒಂದು ಚಮಚಕ್ಕೆ ಹಾಕಿ ಬೆಂಕಿ ಹಚ್ಚಿ. ನೀಲಿ ಉರಿದರೆ ಒಳ್ಳೆಯದು, ಬೇರೆ ಬಣ್ಣ ಬಂದರೆ ವಿಷ.

ಪುಣೆ_ಶ್ರುತಿ · ಭಾನುವಾರ ಬೆಳಗ್ಗೆ 10:09

ದಯವಿಟ್ಟು ಇದನ್ನ ಯಾರೂ ನಂಬಬೇಡಿ. ಮೆಥನಾಲೂ ನೀಲಿಯಾಗೇ ಉರಿಯುತ್ತೆ, ಹಗಲಲ್ಲಿ ಉರಿ ಕಣ್ಣಿಗೂ ಕಾಣಲ್ಲ. ಎರಡೂ ಬೆರೆತಿದ್ದರೆ ಉರಿ ನೋಡಿ ಹೇಳೋಕೆ ಸಾಧ್ಯವೇ ಇಲ್ಲ. ಬೆರೆತದ್ದನ್ನ ಬೇರ್ಪಡಿಸಿ ಅಳೆಯೋ ಗ್ಯಾಸ್ ಕ್ರೊಮಾಟೊಗ್ರಫಿ ಯಂತ್ರವೇ ಬೇಕು.

ಬೊರಿವಲಿ_ನರ್ಸಕ್ಕ · ಭಾನುವಾರ ಮಧ್ಯಾಹ್ನ 12:20

ನೈಟ್ ಡ್ಯೂಟಿ ಮುಗಿಸಿ ಬಂದು ಓದಿದೆ. ನಾನು ವೈನಿನ ಬಗ್ಗೆ ಹೇಳುವುದಿಲ್ಲ, ಆ ಕ್ಯಾನಿನ ಬಗ್ಗೆ ಹೇಳುತ್ತೇನೆ.

2015ರ ಜೂನ್‌ನಲ್ಲಿ ಮುಂಬಯಿಯ ಮಾಲ್ವಣಿಯಲ್ಲಿ ಕಳ್ಳಬಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರಲ್ಲ, ಆಗ ನಾನು ವಾರ್ಡಿನಲ್ಲಿದ್ದೆ. ಹೆಚ್ಚಿನವರು ದಿನಗೂಲಿಯವರು. ಒಬ್ಬರು ನಡೆದುಕೊಂಡೇ ಬಂದರು. ಮಾತಾಡುತ್ತಿದ್ದರು. "ಸಿಸ್ಟರ್, ಇಲ್ಲಿ ಲೈಟ್ ಯಾಕೆ ಹೀಗೆ ಬೆಳ್ಳಗೆ ಉಂಟು, ಹೊಗೆ ತುಂಬಿದ ಹಾಗೆ" ಎಂದು ಕೇಳಿದರು. ವಾರ್ಡಿನಲ್ಲಿ ಹೊಗೆ ಇರಲಿಲ್ಲ. ನನ್ನ ಕೈ ಅವರ ಕಣ್ಣ ಮುಂದೆ ಇತ್ತು, ಅವರಿಗೆ ಎಷ್ಟು ಬೆರಳು ಎಂದು ಹೇಳಲು ಆಗಲಿಲ್ಲ. ಮರುದಿನ ಬೆಳಗ್ಗೆ ಅವರು ಇರಲಿಲ್ಲ.

ಮೆಥನಾಲ್ ಕುಡಿದ ಕೂಡಲೇ ಏನೂ ಆಗುವುದಿಲ್ಲ, ಅದೇ ಅದರ ಮೋಸ. 12ರಿಂದ 24 ಗಂಟೆ ಬರೀ ಅಮಲಿನ ಹಾಗೆ ಇರುತ್ತದೆ. ಅಷ್ಟರಲ್ಲಿ ಲಿವರ್ ಅದನ್ನು ಫಾರ್ಮಾಲ್ಡಿಹೈಡ್ ಮಾಡಿ, ಮತ್ತೆ ಫಾರ್ಮಿಕ್ ಆಮ್ಲ ಮಾಡುತ್ತದೆ. ಇರುವೆಯ ವಿಷದಲ್ಲಿ ಇರುವ ಅದೇ ಆಮ್ಲ. ರಕ್ತ ಹುಳಿಯಾಗುತ್ತದೆ, ಕಣ್ಣಿನ ನರ ಮೊದಲು ಸಾಯುತ್ತದೆ. ಬೇಗ ಬಂದರೆ ಉಳಿಸಬಹುದು: ಫೊಮೆಪಿಜೋಲ್ ಎಂಬ ಮದ್ದು, ಅದು ಸಿಗದಿದ್ದರೆ ವೈದ್ಯರ ಲೆಕ್ಕದಲ್ಲಿ ಎಥನಾಲ್, ಮತ್ತೆ ಡಯಾಲಿಸಿಸ್. ಎಥನಾಲ್ ಯಾಕೆ ಅಂದರೆ ಲಿವರಿನ ಕಿಣ್ವ ಎಥನಾಲನ್ನು ಮೊದಲು ಹಿಡಿಯುತ್ತದೆ, ಮೆಥನಾಲ್ ಹಾಗೆಯೇ ಉಳಿದು ಹೊರಗೆ ಹೋಗಲು ಸಮಯ ಸಿಗುತ್ತದೆ. ಇದನ್ನು ಮನೆಯಲ್ಲಿ ಯಾರೂ ಮಾಡಬಾರದು. ಸೀದಾ ಆಸ್ಪತ್ರೆಗೆ.

ಮಲ್ಲು, ತಮ್ಮಾ, ಆ ಕ್ಯಾನ್ ಈಗ ಎಲ್ಲಿ ಉಂಟು? ಇದೊಂದು ಹೇಳು.

ವಾಸ್ಕೋ_ಬಸು · ಭಾನುವಾರ ಮಧ್ಯಾಹ್ನ 12:41

ಅಕ್ಕಾರ, ಕಳ್ಳಭಟ್ಟಿ ಬೆಲ್ಲದ್ದಲ್ರಿ? ಬೆಲ್ಲದಾಗ ಪೆಕ್ಟಿನ್ ಎಲ್ಲೈತಿ? ಮತ್ತ ಮೆಥನಾಲ್ ಎಲ್ಲಿಂದ ಬಂತು?

ಡೊಂಬಿವಲಿ_ಮೇಷ್ಟ್ರು · ಭಾನುವಾರ ಮಧ್ಯಾಹ್ನ 12:58

ಇದೇ ಕೇಳಬೇಕಾದ ಪ್ರಶ್ನೆ ಬಸು. ಬೆಲ್ಲ, ಸಕ್ಕರೆ, ಕಾಕಂಬಿ ಹುದುಗಿದರೆ ಮೆಥನಾಲ್ ಹೆಸರಿಗಷ್ಟೇ ಬರುತ್ತದೆ. ಅದರಿಂದ ಜನ ಸಾಲುಸಾಲಾಗಿ ಸಾಯುವುದಿಲ್ಲ. ಸಾಯುವುದು ಕಾರ್ಖಾನೆಯ ಮೆಥನಾಲನ್ನು ತಂದು ಬೆರೆಸಿದಾಗ. ಬಣ್ಣ, ಅಂಟು, ಫಾರ್ಮಾಲಿನ್ ತಯಾರಿಸಲು ಬಳಸುವ ಅಗ್ಗದ ದ್ರಾವಕ ಅದು, ಅಬಕಾರಿ ಸುಂಕವಿಲ್ಲ, ನೋಡಲು ನೀರಿನಂತೆ, ಮೂಸಿದರೆ ಸಾರಾಯಿಯಂತೆ. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಹೋದರು, ನಮ್ಮ ವಯಸ್ಸಿನವರು ಅದನ್ನು ಮರೆತಿಲ್ಲ. 1986ರಲ್ಲಿ ಇಟಲಿಯಲ್ಲಿ ಅಗ್ಗದ ವೈನಿಗೆ ಬೆರೆಸಿ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಕೊಂದರು. ಆ ವೈನನ್ನು ಕೆಡಿಸಿದ್ದು ದ್ರಾಕ್ಷಿಯಲ್ಲ, ಡ್ರಮ್ಮಿನಿಂದ ಸುರಿದವರು.

ಮುಲುಂಡ್_ಮಾರಾಯ್ರೆ · ಭಾನುವಾರ ಮಧ್ಯಾಹ್ನ 1:15

ನನ್ನದು ಬೆಂಗಳೂರು ಬ್ಲೂ ದ್ರಾಕ್ಷಿಯ ವೈನ್. ಅದು ಆದೀತಾ?

ನಾರಾಯಣಗಾಂವ್_ಗಿರೀಶ · ಭಾನುವಾರ ಮಧ್ಯಾಹ್ನ 1:40

ಆಗುತ್ತೆ, ಸಿಪ್ಪೆ ಬೇಗ ತೆಗೀರಿ. ನಮ್ಮ ಕಡೆಯ ಹಣ್ಣು ಅದು, ಹಿಸುಕಿದರೆ ಗುಳಕ್ಕನೆ ತಿರುಳು ಹೊರಗೆ ಜಾರಿ ಸಿಪ್ಪೆ ಬೆರಳಲ್ಲೇ ಉಳಿಯುತ್ತೆ. ಆ ಲೋಳೆ ತಿರುಳಿನಲ್ಲೂ ಪೆಕ್ಟಿನ್ ಜಾಸ್ತಿ. ಅದು ಲ್ಯಾಬ್ರುಸ್ಕ ಜಾತಿ, ಅಮೆರಿಕ ಮೂಲದ್ದು. ಯುರೋಪಿನ ವಿನಿಫೆರಾ ಜಾತಿಗಿಂತ ಇದರ ವೈನಿನಲ್ಲಿ ಮೆಥನಾಲ್ ಸ್ವಲ್ಪ ಜಾಸ್ತಿ ಬರುತ್ತೆ. ಇದೇ ಕುಲದ ಇಸಬೆಲ್ಲಾ ಸೇರಿ ಆರು ತಳಿಗಳನ್ನ 1934ರ ಡಿಸೆಂಬರ್‌ನಲ್ಲಿ ಫ್ರಾನ್ಸ್ ಕಾನೂನು ಮಾಡಿ ನಿಷೇಧಿಸಿತು. ಆಗಿನ ನಿಜವಾದ ತೊಂದರೆ ವೈನ್ ವಿಪರೀತ ಉತ್ಪಾದನೆ ಆಗಿ ಬೆಲೆ ಬಿದ್ದಿದ್ದು. "ಮೆಥನಾಲಿಂದ ಹುಚ್ಚು ಹಿಡಿಯುತ್ತೆ" ಅನ್ನೋ ಮಾತನ್ನ ಆ ತಳಿಗಳ ಮೇಲೆ ಹೊರಿಸಿದರು, ಹಳ್ಳಿ ರೈತರು ಇಷ್ಟಪಟ್ಟು ಬೆಳೆದ ಬಳ್ಳಿ ಕೀಳಬೇಕಾಯ್ತು. ನನಗೆ ಅದನ್ನ ನೆನೆಸಿದರೆ ಈಗಲೂ ಹೊಟ್ಟೆ ಉರಿಯುತ್ತೆ.

ಪೇರಲ ಹಣ್ಣಿನ ವೈನ್ ಮಾಡೋರು ಮಾತ್ರ ಇನ್ನೂ ಹುಷಾರಾಗಿರಿ, ಅದರಲ್ಲಿ ಪೆಕ್ಟಿನ್ ಇನ್ನೂ ಜಾಸ್ತಿ.

ತಿಕೋಟಾ_ಮಲ್ಲು · ಭಾನುವಾರ ಮಧ್ಯಾಹ್ನ 2:05

ನರ್ಸಕ್ಕಾರ ಕೇಳಿದ ಕೂಡಲೇ ಅಣ್ಣಗ ಫೋನ್ ಹಚ್ಚಿದೆ. ಕೈ ಇನ್ನೂ ನಡಗ್ತಾವ.

ಕ್ಯಾನ್ ಮೋಟರ್ ಕೋಲ್ಯಾಗ ಅದ. ಅಷ್ಟೇ ಅಲ್ಲ, ಅಳತಿಗೆ ಸುಲಭ ಆಗ್ಲಿ ಅಂತ ಅಣ್ಣ ಅರ್ಧ ಲೀಟರ್ ತಗದು ಹಳೇ ನೀರಿನ ಬಾಟಲಿಗೆ ಹಾಕಿಟ್ಟಾನ. ಆ ಬಾಟಲಿ ಎಲ್ಲಿ ಇಟ್ಟಾನ ಅಂದ್ರ, ಸ್ಟಾರ್ಟರ್ ಡಬ್ಬಿ ಕೆಳಗಿನ ಮಾಡದಾಗ. ಆಳುಗಳು ಕುಡಿಯೋ ನೀರಿನ ಬಾಟಲಿ ಇಡೋದೂ ಅದೇ ಮಾಡದಾಗ. ಎಲ್ಲಾ ಬಾಟಲಿಗೂ ಅದೇ ನೀಲಿ ಮುಚ್ಚಳ. ಮೂರು ದಿನ ಆತು ಇಟ್ಟು. ನಿನ್ನೆ ಹೆಣ್ಣಾಳೊಬ್ಬಾಕಿ ಮುಚ್ಚಳ ತಗದು ಮೂಸಿ, "ಅಣ್ಣಾರ, ಇದರಾಗ ಎಣ್ಣಿ ಹಾಕೀರೇನು?" ಅಂತ ಕೇಳಿದ್ಳಂತ. ನಮ್ಮ ಕಡೆ ಔಷಧಕ್ಕೂ ಎಣ್ಣಿ ಅಂತಾರ, ಕುಡಿಯೋದಕ್ಕೂ ಎಣ್ಣಿ ಅಂತಾರ. ಆಕಿ ಯಾವುದು ಅಂದ್ಳೋ ಅಣ್ಣಗ ತಿಳೀಲಿಲ್ಲ, "ಹೂಂ, ಇಡು" ಅಂದಾನ.

ಆಕಿ ಗಂಡ ಕುಡಿತಾನ.

ಬೊರಿವಲಿ_ನರ್ಸಕ್ಕ · ಭಾನುವಾರ ಮಧ್ಯಾಹ್ನ 2:08

ಈಗಲೇ ಅಣ್ಣನನ್ನು ತೋಟಕ್ಕೆ ಓಡಿಸು. ಬಾಟಲಿ ಕೈಗೆ ತೆಗೆದುಕೊಂಡು ಎಷ್ಟು ಉಂಟು ನೋಡಲಿ. ಹಾಕಿದ್ದಕ್ಕಿಂತ ಕಡಿಮೆ ಇದ್ದರೆ ಅವಳ ಗಂಡನ ಮನೆಗೆ ಹೋಗಿ ಕೇಳಬೇಕು. ಕುಡಿದಿದ್ದರೆ ಚೆನ್ನಾಗಿ ಇದ್ದಾನೆ ಎಂದು ಬಿಡಬಾರದು, ವಿಜಯಪುರಕ್ಕೆ ಕರೆದುಕೊಂಡು ಹೋಗಿ, "ಮೆಥನಾಲ್" ಎಂದೇ ಡಾಕ್ಟರಿಗೆ ಹೇಳಬೇಕು.

ಡೊಂಬಿವಲಿ_ಮೇಷ್ಟ್ರು · ಭಾನುವಾರ ಮಧ್ಯಾಹ್ನ 2:14

ಮೋಟರ್ ಚಾಲೂ ಮಾಡಬೇಡಿ ಎಂದೂ ಹೇಳಿ. ಮೆಥನಾಲಿನ ಆವಿ 11–12 ಡಿಗ್ರಿಗೇ ಕಿಡಿ ಹಿಡಿಯುವಷ್ಟು ಏಳುತ್ತದೆ. ನಿಮ್ಮಲ್ಲಿ ಈಗ 40 ಡಿಗ್ರಿ, ಬಾಗಿಲು ಮುಚ್ಚಿದ ಕೋಣೆ, ಮೇಲೆ ಸ್ಟಾರ್ಟರಿನ ಕಿಡಿ. ಬಾಗಿಲು ತೆರೆದಿಟ್ಟು ಗಾಳಿಯಾಡಲಿ. ಬೀಡಿ ಹತ್ತಿರ ಸುಳಿಯಬಾರದು. ಚರಂಡಿಗೆ, ಬಾವಿಗೆ ಚೆಲ್ಲಬೇಡಿ, ಸುಡಲೂ ಬೇಡಿ.

ತಿಕೋಟಾ_ಮಲ್ಲು · ಭಾನುವಾರ ಮಧ್ಯಾಹ್ನ 3:02

ಅಣ್ಣ ಹೋಗಿ ನೋಡ್ಯಾನ. ಬಾಟಲಿ ಹಾಕಿದಷ್ಟೇ ಅದ, ಆತ ಪೆನ್ನಿಂದ ಗೀಟು ಎಳದಿದ್ದ, ಗೀಟಿಗೆ ಸರಿ ಅದ. ಯಾರೂ ಮುಟ್ಟಿಲ್ಲ. ವಾಪಸ್ ಕ್ಯಾನಿಗೆ ಸುರದು, ಬಾಟಲಿ ಕೊಯ್ದು ಹಾಕ್ಯಾನ. ಮಾಡದಾಗಿನ ನೀರಿನ ಬಾಟಲಿ ಎಲ್ಲಾ ತಗದು ಹೊರಗ ಬೇವಿನ ಗಿಡದ ಕೆಳಗ ಮಡಕಿ ಇಟ್ಟಾನ.

ಅಕ್ಕಾರ, ನಿಮಗ ಹ್ಯಾಂಗ ಹೇಳ್ಲಿ.

ಬೊರಿವಲಿ_ನರ್ಸಕ್ಕ · ಭಾನುವಾರ ಮಧ್ಯಾಹ್ನ 3:05

ಸಾಕು ತಮ್ಮಾ. ನಾನು ಈಗ ಮಲಗುತ್ತೇನೆ.

ಚಿಂಚವಡ_ಕಾವ್ಯ · ಭಾನುವಾರ ಮಧ್ಯಾಹ್ನ 3:20

ಓದ್ತಾ ಓದ್ತಾ ಉಸಿರು ಹಿಡಿದುಕೊಂಡಿದ್ದೆ. ನಮ್ಮ ಮನೆಯಲ್ಲೂ ಫಿನೈಲು ಕೋಲಾ ಬಾಟಲಿಯಲ್ಲಿ ಇತ್ತು. ಈಗಷ್ಟೇ ಎತ್ತಿ ಬಿಸಾಕಿದೆ.

ನೇರಮಾತು_ಥಾಣೆ · ಭಾನುವಾರ ಸಂಜೆ 5:30

ಅಂಗಡಿಯವನನ್ನು ಎಲ್ಲರೂ ಬೈಯುವ ಮೊದಲು ಒಂದು ಮಾತು. ಮೆಥನಾಲ್ ಸ್ಪ್ರೇ ಬರೀ ಪುಕಾರು ಅಲ್ಲ. ಅಮೆರಿಕದ ದೊಡ್ಡ ವಿಜ್ಞಾನಿಯೇ ಇಳುವರಿ ಹೆಚ್ಚುತ್ತದೆ ಎಂದು ಬರೆದಿದ್ದಾರೆ. ನನ್ನ ಮಾವನ ಟೊಮೆಟೊಗೆ ಹೊಡೆದು ಎಲೆ ಹಚ್ಚಗಾಗಿದ್ದನ್ನು ನಾನೇ ನೋಡಿದ್ದೇನೆ.

ಪುಣೆ_ಶ್ರುತಿ · ಭಾನುವಾರ ಸಂಜೆ 6:45

ನೀವು ಹೇಳೋದು ನಿಜವಾಗಿ ನಡೆದದ್ದೇ. 1992ರಲ್ಲಿ ಆರ್ಥರ್ ನೊನೊಮುರಾ, ಆಂಡ್ರ್ಯೂ ಬೆನ್ಸನ್ ಇಬ್ಬರೂ ಸೇರಿ ಪ್ರಕಟಿಸಿದ ಪ್ರಬಂಧ. ಬೆನ್ಸನ್ ಸಾಮಾನ್ಯರಲ್ಲ. ದ್ಯುತಿಸಂಶ್ಲೇಷಣೆಯಲ್ಲಿ ಇಂಗಾಲ ಸಾಗೋ ದಾರಿಯನ್ನ ಕೆಲ್ವಿನ್ ಜೊತೆ ಹುಡುಕಿದವರು, 1961ರ ನೊಬೆಲ್ ಮಾತ್ರ ಕೆಲ್ವಿನ್ ಒಬ್ಬರಿಗೇ ಹೋಯ್ತು. ಅರಿಝೋನಾದ ಉರಿಬಿಸಿಲಿನಲ್ಲಿ ಹತ್ತಿಯಂಥ ಬೆಳೆಗಳಿಗೆ ಮೆಥನಾಲ್ ದ್ರಾವಣ ಸಿಂಪಡಿಸಿದಾಗ ಎಲೆ ಬಾಡದೆ ನಿಂತವು, ಬೆಳವಣಿಗೆ ಏರಿತು ಅಂತ ಬರೆದರು. ಎಲೆ ಮೆಥನಾಲನ್ನ ಇಂಗಾಲದ ಆಹಾರವಾಗಿ ಬಳಸಿಕೊಳ್ಳುತ್ತೆ ಅನ್ನೋದು ಅವರ ವಾದ. ಜಗತ್ತಿನ ರೈತರಿಗೆಲ್ಲ ಆಸೆ ಹುಟ್ಟಿತು.

ಆಮೇಲೆ ಬೇರೆ ಬೇರೆ ಕಡೆ ಬೇರೆ ಬೇರೆ ಬೆಳೆಯ ಮೇಲೆ ಪ್ರಯೋಗ ಮಾಡಿದರು. ಬಹಳಷ್ಟು ಕಡೆ ಇಳುವರಿ ಏರಲೇ ಇಲ್ಲ, ಹೆಚ್ಚಾದರೆ ಎಲೆ ಅಂಚು ಸುಟ್ಟಿತು. ಇನ್ನೊಂದು ಮುಖ್ಯ ವಿಷಯ: ಮೂಲ ಪ್ರಬಂಧದಲ್ಲೇ ಇದು ಸಿ3 ಬೆಳೆಗಳಿಗೆ ಅಂತ ಇದೆ (ಇಂಗಾಲ ಹಿಡಿಯೋ ರೀತಿ ನೋಡಿ ಗಿಡಗಳನ್ನ ಸಿ3, ಸಿ4 ಅಂತ ಗುಂಪು ಮಾಡ್ತಾರೆ). ದ್ರಾಕ್ಷಿ, ಟೊಮೆಟೊ, ಹತ್ತಿ ಸಿ3. ಕಬ್ಬು, ಜೋಳ, ಮೆಕ್ಕೆಜೋಳ ಸಿ4, ಅವಕ್ಕೆ ಅವರೇ ಲಾಭ ಕಾಣಲಿಲ್ಲ. ಇದೇ ಥರದ ಕ್ಯಾನನ್ನ ಕಬ್ಬಿನವರಿಗೂ ಯಾರಾದರೂ ಕೊಟ್ಟರೆ ಅದು ಆಧಾರವೇ ಇಲ್ಲದ ಮಾತು.

ನಿಮ್ಮ ಮಾವನ ಟೊಮೆಟೊ ಹಚ್ಚಗಾಯ್ತು ಅಂದರಲ್ಲ, ಪಕ್ಕದಲ್ಲಿ ಅಷ್ಟೇ ನೀರು ಕೊಟ್ಟು ಮೆಥನಾಲ್ ಹೊಡೆಯದ ಸಾಲು ಇತ್ತಾ?

ನೇರಮಾತು_ಥಾಣೆ · ಭಾನುವಾರ ಸಂಜೆ 7:02

ಇರಲಿಲ್ಲ. ಇಡೀ ಹೊಲಕ್ಕೆ ಹೊಡೆದಿದ್ದರು, ಆ ವಾರ ಮಳೆಯೂ ಬಂದಿತ್ತು. ಸರಿ, ನನ್ನದು ಸಾಕ್ಷಿ ಆಗುವುದಿಲ್ಲ.

ಪುಣೆ_ಶ್ರುತಿ · ಭಾನುವಾರ ರಾತ್ರಿ 8:30

ಒಪ್ಪಿದ್ದಕ್ಕೆ ಥ್ಯಾಂಕ್ಸ್. ಈಗ ನನಗೆ ತುಂಬ ಇಷ್ಟವಾದ ಭಾಗ ಹೇಳ್ತೀನಿ, ಯಾಕಂದರೆ ಮೆಥನಾಲ್ ಕಥೆ ಇಲ್ಲಿಗೆ ಮುಗಿಯಲ್ಲ.

ಎಲೆ ತಾನೇ ಮೆಥನಾಲ್ ಬಿಡುತ್ತೆ. ಎಳೆ ಎಲೆ ಅಗಲವಾಗಬೇಕಾದರೆ ಗೋಡೆಯ ಪೆಕ್ಟಿನ್ ಸಡಿಲಿಸಿ ಮತ್ತೆ ಕಟ್ಟಬೇಕು, ಆಗ ಮೀಥೈಲ್ ಗುಂಪು ಉದುರಿ ಮೆಥನಾಲ್ ಆಗುತ್ತೆ. ರಾತ್ರಿಯೆಲ್ಲ ಒಳಗೆ ಸೇರಿಕೊಂಡು, ಬೆಳಗ್ಗೆ ಬಿಸಿಲು ಬಿದ್ದು ಎಲೆಯ ರಂಧ್ರಗಳು ತೆರೆದ ಕೂಡಲೇ ಒಮ್ಮೆಗೆ ಹೊರಗೆ ಬರುತ್ತೆ. ಮಲ್ಲು ಅವರೇ, ಈಗ ನಿಮ್ಮ ತೋಟದ ಎಳೆ ಎಲೆಗಳು ದಿನಾ ಬೆಳಗ್ಗೆ ಇದನ್ನೇ ಮಾಡ್ತಿವೆ.

ಅದನ್ನ ತಿಂದು ಬದುಕೋ ಬ್ಯಾಕ್ಟೀರಿಯಾ ಎಲೆಯ ಮೇಲೇ ಇವೆ, ಮೀಥೈಲೋಬ್ಯಾಕ್ಟೀರಿಯಂ. ನಾನು ಎಂ.ಎಸ್ಸಿ.ಯಲ್ಲಿದ್ದಾಗ ಒಂದು ದ್ರಾಕ್ಷಿ ಎಲೆ ಕಿತ್ತು, ಮೆಥನಾಲ್ ಬಿಟ್ಟು ಬೇರೆ ಯಾವ ಊಟವೂ ಇಲ್ಲದ, ಬ್ಯಾಕ್ಟೀರಿಯಾ ಬೆಳೆಸೋ ಅಗರ್ ತಟ್ಟೆಯ ಮೇಲೆ ಮೆಲ್ಲಗೆ ಒತ್ತಿ ತೆಗೆದಿದ್ದೆ. ಎರಡು ದಿನ ಏನೂ ಇಲ್ಲ. ಐದನೇ ದಿನ ತಟ್ಟೆ ತೆಗೆದರೆ ಗುಲಾಬಿ ಬಣ್ಣದ ಚುಕ್ಕೆಗಳು, ಸಣ್ಣ ಸಾಸಿವೆಯಷ್ಟು, ನೂರಾರು. ಚುಕ್ಕೆ ಸೇರಿ ಎಲೆಯದೇ ಆಕಾರ ಮೂಡಿತ್ತು, ಐದು ಹಾಲೆ, ನಡುವಿನ ನರ ಸಮೇತ. ಆ ತಟ್ಟೆಯನ್ನ ಬಿಸಾಕೋಕೆ ಮನಸ್ಸೇ ಬಂದಿರಲಿಲ್ಲ.

ಈ ಬ್ಯಾಕ್ಟೀರಿಯಾ ಎಲೆಯ ಮೆಥನಾಲ್ ತಿಂದು, ಬದಲಿಗೆ ಸೈಟೊಕೈನಿನ್, ಆಕ್ಸಿನ್ ಥರದ ಬೆಳವಣಿಗೆಯ ಹಾರ್ಮೋನ್ ಕೊಡುತ್ತೆ. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಇದನ್ನೇ ಪಿಪಿಎಫ್‌ಎಂ ಅನ್ನೋ ಹೆಸರಲ್ಲಿ ದ್ರವ ಗೊಬ್ಬರ ಮಾಡಿ, ಬರ ತಡೆಯೋಕೆ ಎಲೆಗೆ ಸಿಂಪಡಿಸಿ ಅಂತ ರೈತರಿಗೆ ಕೊಡ್ತಿದೆ. ಮೆಥನಾಲ್ ಹೊಡೆಯೋ ಬದಲು, ಗಿಡದ್ದೇ ಮೆಥನಾಲ್ ಉಣ್ಣೋ ಜೀವಿಯನ್ನ ಹೊಡೆಯೋದು. ಬಾಟಲಿಯಲ್ಲಿ ವಿಷ ಇಲ್ಲ, ಯಾರಾದರೂ ತಪ್ಪಿ ಮೂಸಿದರೂ ಭಯ ಇಲ್ಲ.

ನಾರಾಯಣಗಾಂವ್_ಗಿರೀಶ · ಭಾನುವಾರ ರಾತ್ರಿ 9:10

ಒಂದು ಅಡ್ಡಿ ಇದೆ. ದ್ರಾಕ್ಷಿಯವರು ಬೋರ್ಡೋ, ತಾಮ್ರದ ಔಷಧ ಬಿಡಲ್ಲ. ತಾಮ್ರ ಹೊಡೆದ ಎಲೆ ಮೇಲೆ ಜೀವಂತ ಬ್ಯಾಕ್ಟೀರಿಯಾ ಹೊಡೆದರೆ ಸತ್ತುಹೋಗುತ್ತೆ, ಒಂದೇ ಟ್ಯಾಂಕಿನಲ್ಲಿ ಬೆರೆಸಿದರಂತೂ ಮುಗೀತು. ನಡುವೆ ದಿನ ಬಿಟ್ಟು, ಸಂಜೆ ತಂಪಿನಲ್ಲಿ ಹೊಡೆಯಬೇಕು. ಮಲ್ಲು ಅವರೇ, ನಿಮ್ಮ ಹಡಪಸರದ ಪಕ್ಕದ ಮಾಂಜರಿಯಲ್ಲೇ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಇದೆ. ಅಣ್ಣ ಪುಣೆಗೆ ಬಂದಾಗ ಅಲ್ಲಿ ಹೋಗಿ ಕೇಳಿ, ಅಂಗಡಿಯವನ ಮಾತಿಗಿಂತ ಅದು ಎಷ್ಟೋ ಪಾಲು ಮೇಲು.

ಡೊಂಬಿವಲಿ_ಮೇಷ್ಟ್ರು · ಭಾನುವಾರ ರಾತ್ರಿ 9:40

ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. 1834ರಲ್ಲಿ ಡ್ಯೂಮಾ ಮತ್ತು ಪೆಲಿಗೊ ಎಂಬ ಫ್ರೆಂಚರು ಮರದ ಸಾರಾಯಿಯನ್ನು, ಅಂದರೆ ಇದೇ ಮೆಥನಾಲನ್ನು, ಪರೀಕ್ಷಿಸಿ, 'ಮೆಥಿ' ಮತ್ತು 'ಹೂಲೆ' ಎಂಬ ಎರಡು ಗ್ರೀಕ್ ಪದ ಕೂಡಿಸಿ ಹೆಸರು ಕಟ್ಟಿದರು. ಹೂಲೆ ಎಂದರೆ ಮರ. ಮೆಥಿ ಎಂದರೆ ದ್ರಾಕ್ಷಾರಸ. ಆ ಮೆಥಿ ನಮ್ಮ 'ಮಧು'ವಿನ ಒಡಹುಟ್ಟು. ಒಂದೇ ಬೇರಿನಿಂದ ಜೇನಿಗೂ ಈ ವಿಷಕ್ಕೂ ಹೆಸರು ಬಂದಿದೆ. ನಲವತ್ತು ವರ್ಷ ತರಗತಿಯಲ್ಲಿ ಇದನ್ನು ಹೇಳಿದ್ದೇನೆ, ಪ್ರತಿ ಸಲವೂ ಮಕ್ಕಳು ತಲೆ ಎತ್ತುತ್ತಿದ್ದರು.

ವಾಸ್ಕೋ_ಬಸು · ಭಾನುವಾರ ರಾತ್ರಿ 9:52

ಮೇಷ್ಟ್ರ, ಎಣ್ಣಿ ಅಂದ್ರೂ ಎರಡ ಅರ್ಥ, ಮಧು ಅಂದ್ರೂ ಎರಡ. ಇನ್ನ ಮ್ಯಾಲೆ ನಮ್ಮ ಹೊಲದಾಗ ಬಾಟಲಿ ಮ್ಯಾಗ ಬರದ ಇಡಸ್ತೀನಿ, ಕನ್ನಡದಾಗ, ದೊಡ್ಡ ಅಕ್ಷರದಾಗ. ಓದಾಕ ಬರದವರಿಗೆ ಕೆಂಪು ದಾರ ಕಟ್ಟಸ್ತೀನಿ.

ತಿಕೋಟಾ_ಮಲ್ಲು · ಗುರುವಾರ ರಾತ್ರಿ 9:30

ನಾಲ್ಕು ದಿನ ಬರಾಕ ಆಗ್ಲಿಲ್ಲ. ಅಣ್ಣ ಸೋಮವಾರ ಕ್ಯಾನ್ ಒಯ್ದು ಅಂಗಡಿಗೆ ವಾಪಸ್ ಕೊಟ್ಟಾನ. ಬಿಲ್ ಕೊಟ್ಟಿರಲಿಲ್ಲ, ಅದಕ್ಕ ಅರ್ಧ ರೊಕ್ಕ ಅಷ್ಟೇ ತಿರುಗಿ ಬಂತು. ಹೋಗ್ಲಿ. ಆದ್ರ ಅಣ್ಣ ನನಗ ಹೇಳದ ಒಂದು ಮಾತು ಇತ್ತು: ಮೊದಲನೇ ದಿನಾನೇ ಎರಡು ಸಾಲಿಗೆ ಹೊಡದು ನೋಡ್ಯಾನ, ಮೈಮ್ಯಾಲೆ ಬನಿಯನ್ ಅಷ್ಟೇ ಹಾಕ್ಕೊಂಡು. ಈಗ ಆ ಸಾಲಿನ ಎಲಿ ಅಂಚಿಗೆ ಕಂದು ಪಟ್ಟಿ ಬಂದದ, ಬಾಜೂ ಸಾಲಿನವು ಹಸರಾಗೇ ಅದಾವ. ಅವನಿಗೆ ಏನೂ ಆಗಿಲ್ಲ, ಆದ್ರೂ ಕಣ್ಣಿನ ಡಾಕ್ಟರಿಗೆ ತೋರಿಸ್ಕೊಂಡು ಬಾ ಅಂತ ನಿನ್ನೆ ಕಳಿಸಿದ್ವಿ, ಸರಿ ಅದ ಅಂದಾರ.

ವೈನಿನ ಬಾಟಲಿ ಇನ್ನೂ ಅದಾವ. ಮೇಷ್ಟ್ರ ಲೆಕ್ಕ ನಮ್ಮ ಮನಿಯವರಿಗೆ ಓದಿ ಹೇಳೀನಿ. ಒಪ್ಯಾರ, ಆದ್ರ ಕಾನೂನಿನ ಮಾತೂ ಓದ್ಯಾರ, ಈ ಸಲದ್ದೇ ಕಡೀದು ಅಂದಾರ.

ಬೊರಿವಲಿ_ನರ್ಸಕ್ಕ · ಗುರುವಾರ ರಾತ್ರಿ 9:44

ಚರ್ಮದಿಂದಲೂ ಉಸಿರಿನಿಂದಲೂ ಅದು ಒಳಗೆ ಹೋಗುತ್ತದೆ. ತೋರಿಸಿದ್ದು ಒಳ್ಳೆಯದಾಯಿತು. ಆ ಹೆಂಗಸಿಗೆ ಹೇಳಿದಿರಾ, ಅದು ಏನಾಗಿತ್ತು ಎಂದು?

ತಿಕೋಟಾ_ಮಲ್ಲು · ಗುರುವಾರ ರಾತ್ರಿ 9:50

ಹೇಳ್ಯಾನ್ರಿ ಅಕ್ಕಾರ. ಆಕಿ ಮಾತಾಡ್ಲಿಲ್ಲಂತ, ಹಂಗೇ ಬೇವಿನ ಗಿಡದ ಕೆಳಗ ಕುಂತ್ಳಂತ.

ಪುಣೆ_ಶ್ರುತಿ · ಗುರುವಾರ ರಾತ್ರಿ 10:05

ಆ ಎರಡು ಸಾಲಿನ ಎಲೆ, ಪಕ್ಕದ ಸಾಲಿನ ಎಲೆ, ಎರಡನ್ನೂ ಒಂದೇ ಫೋಟೊದಲ್ಲಿ ಇಟ್ಟು ಹಾಕ್ತೀರಾ? ಹೊಡೆಯದ ಸಾಲು ಪಕ್ಕದಲ್ಲೇ ಇರೋ ಫೋಟೊ ಯಾರ ಹತ್ತಿರವೂ ಇರಲ್ಲ.

ತಿಕೋಟಾ_ಮಲ್ಲು · ಗುರುವಾರ ರಾತ್ರಿ 10:11

ನಾಳೆ ಮುಂಜಾನೆ ಬಿಸಲು ಏರೋದ್ರಾಗ ತಗದು ಕಳಸು ಅಂತ ಅಣ್ಣಗ ಹೇಳೀನಿ.